ಅತ್ತಿಗೆಯ ಕಂಪ್ಯೂಟರಿನ ಅಜ್ಜಿ

ನನ್ನ ಅತ್ತಿಗೆ ಹಾವಿಗೆ ಹೆದರುವವರಲ್ಲ. ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿಗೂ ಹೆದರುವವರಲ್ಲ. ಸಂಜೆಯ ಲೋಕಲ್ ಟ್ರೇನಿನಲ್ಲಿ ಬಾಗಿಲಿಗೆ ಅಂಟಿಕೊಂಡು ನಿಂತ ಹೆಂಗಸರ ಗುಂಪನ್ನು ಒಂದೇ ನೂಕಿಗೆ ಸೀಳಿ ಒಳಗೆ ಹೋಗಿ ಸೀಟು ಹಿಡಿದವರು! ಅಂಥವರು ಕಂಪ್ಯೂಟರಿನ ಮೂಲೆಯಲ್ಲಿ ‘ಅಪ್‌ಡೇಟ್ ಬಂದಿದೆ’ ಎಂಬ ಒಂದು ಸಾಲು ಕಂಡರೆ ಮಾತ್ರ ಬಿಳಿಚಿಕೊಳ್ಳುತ್ತಾರೆ. “ಯಾರೂ ಮುಟ್ಟಬೇಡಿ!” ಎಂದು ಮನೆಯವರನ್ನೆಲ್ಲ ದೂರ ಸರಿಸುತ್ತಾರೆ. ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಸರಿ, ಅನ್ನ ತಳ ಹಿಡಿದರೂ ಸರಿ, ಆ ಸಾಲು ತೊಲಗುವ ತನಕ ಅವರು ಅಲ್ಲಿಂದ ಅಲ್ಲಾಡುವುದಿಲ್ಲ.

ಪಾಪ, ಕಂಪ್ಯೂಟರ್ ತಿಳಿಯದ ಹೆಂಗಸು ಅಂದುಕೊಂಡಿರಾ? ಕೆಟ್ಟಿರಿ! ಬಂದರಿನ ಹತ್ತಿರ ಹಡಗು ಏಜೆಂಟರೊಬ್ಬರ ಆಫೀಸಿನಲ್ಲಿ ರಿಟೈರ್ ಆಗುವ ತನಕ ಪ್ರೋಗ್ರಾಂ ಬರೆದವರು ಅವರು. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲದ್ದರಿಂದ ಭಯವಲ್ಲ, ಚೆನ್ನಾಗಿ ಗೊತ್ತಿರುವುದರಿಂದಲೇ ಭಯ.

ಅವರು ರಿಟೈರ್ ಆದ ಮೇಲೆ ಆ ಆಫೀಸಿನವರು ಯಂತ್ರಗಳನ್ನೆಲ್ಲ ಹೊಸದು ಮಾಡಿದರು. ಇವರು ಬರೆದಿಟ್ಟ ಸರಕಿನ ಪ್ರೋಗ್ರಾಂ ಅಲ್ಲಿಗೇ ಬಾಯಿ ಮುಚ್ಚಿತು. ಮ್ಯಾನೇಜರ್ ಗಾಬರಿಯಿಂದ ಫೋನ್ ಮಾಡಿದ. ನಾನಾಗ ವಡಾಲದ ಅವರ ಮನೆಯಲ್ಲಿ ಕೂತು ಗೋಳಿಬಜೆ ತಿನ್ನುತ್ತಿದ್ದೆ.

“ಯಾವ ಕರ್ನಲ್ ಹಾಕಿದ್ರಿ?” ಎಂದರು ಅತ್ತಿಗೆ.

ಆ ಕಡೆಯಿಂದ ಹೆಮ್ಮೆಯ ದನಿ: “ಲೇಟೆಸ್ಟ್, ಮೇಡಂ!”

“ಹಾಗಾದ್ರೆ ಅನುಭವಿಸಿ.”

ಫೋನ್ ಇಟ್ಟರು. ಬಾಣಲೆ ಇಳಿಸಿದರು, ಕೈ ತೊಳೆದರು, ಚಪ್ಪಲಿ ಮೆಟ್ಟಿ ಅದೇ ಆಫೀಸಿಗೆ ಹೊರಟೇಬಿಟ್ಟರು! ಸಂಜೆ ಟ್ಯಾಕ್ಸಿಯಲ್ಲಿ ವಾಪಸು ಬರುವಾಗ ಪಕ್ಕದ ಸೀಟಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಗತ್ತಿನಿಂದ ಕೂತಿತ್ತು. “ಇದನ್ನು ಗುಜರಿಗೆ, ಭಂಗಾರಿನವನಿಗೆ ಕೊಡ್ತಾರಂತೆ. ಇನ್ನೂ ಜೀವ ಉಂಟು ಮಾರಾಯ ಇದರಲ್ಲಿ!” ಎಂದರು. ಅಂದಿನಿಂದ ಅಕ್ಕಿಯ ಡಬ್ಬ ಬಾಲ್ಕನಿಗೆ ಹೋಯಿತು, ಕಂಪ್ಯೂಟರ್ ಅಡುಗೆಮನೆಗೆ ಬಂತು.

ಈ ಕರ್ನಲ್ ಅಂದರೆ ಏನು ಎಂದು ನಾನು ಒಮ್ಮೆ ಕೇಳಿದೆ. ಕೇಳಬಾರದಿತ್ತು.

“ನಿನ್ನ ಜೋಗೇಶ್ವರಿಯ ಬಿಲ್ಡಿಂಗ್ ಒಡೆದು ಹೊಸತು ಕಟ್ಟಿದ್ರಲ್ಲ? ಆ ಬಿಲ್ಡಿಂಗ್ ಅಂದ್ರೆ ಕರ್ನಲ್. ಅದರೊಳಗೆ ಸಂಸಾರ ಮಾಡುವವರು ಈ ಪ್ರೋಗ್ರಾಂ ಭಾಷೆಗಳು. ಬಿಲ್ಡಿಂಗ್ ಹೊಸತಾಯ್ತು ಅಂತ ಒಳಗಿನ ಅಜ್ಜಿ ಹೊಸತಾಗ್ತಾಳಾ? ಅವಳು ಹಳೇ ನಲ್ಲಿ ಇದ್ದ ಜಾಗಕ್ಕೇ ಕೊಡಪಾನ ಹಿಡ್ಕೊಂಡು ಹೋಗ್ತಾಳೆ. ಅಲ್ಲಿ ಈಗ ಗೋಡೆ. ಹಣೆ ಬಡ್ಕೊಂಡು ಬೀಳ್ತಾಳೆ.”

“ಅಜ್ಜಿಗೆ ಹೊಸ ನಲ್ಲಿ ತೋರಿಸಿದ್ರಾಯ್ತಲ್ಲ ಅತ್ತಿಗೆ?”

“ಎಲ್ಲರೂ ಅದನ್ನೇ ಹೇಳುದು. ಅವಳಿಗೆ ಹೊಸತು ಕಲಿಸ್ಲಿಕ್ಕೆ ಹೋದ್ರೆ ಹಳತು ಮರೆತುಬಿಡ್ತಾಳೆ. ನನಗೆ ಅವಳ ಹಳತೇ ಬೇಕು.”

ಅವರ ಈ ಅಜ್ಜಿ ಎಂದರೆ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಒಂದು ಹಳೆಯ ಆವೃತ್ತಿ. ಮಾಡಿದವರೇ ಅದರ ಕೈಬಿಟ್ಟು ಬಹಳ ಕಾಲವಾಗಿದೆ. ಲೋಕವೆಲ್ಲ ಹೊಸ ಆವೃತ್ತಿಗೆ ಹೋಗಿ ಸುಖವಾಗಿದೆ. ಅತ್ತಿಗೆ ಮಾತ್ರ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಅಜ್ಜಿಗೆ ಬೇರೆ ಕೋಣೆ ಮಾಡಿಕೊಟ್ಟು, ಅವಳು ಎಡವದ ಹಾಗೆ ಕಾದು ಕುಳಿತಿದ್ದಾರೆ. ಆ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಕೊಡಬಾರದು. ಅದರ ಹತ್ತಿರ ಕಾಫಿ ಲೋಟ ತರಬಾರದು. ಅದರ ಎದುರು ನಿಂತು “ಹಳೇ ಡಬ್ಬ” ಎಂದು ನಾನು ಹೇಳುವುದೂ ಅವರಿಗೆ ಆಗುವುದಿಲ್ಲ!

ಇಷ್ಟೆಲ್ಲ ಯಾಕೆ ಎಂದರೆ, ಅಜ್ಜಿಯ ಬಾಯಲ್ಲಿ ಇರುವುದು ನನ್ನ ಅಣ್ಣನ ಮಾತು.

ಅಣ್ಣ ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿದ್ದ. ಅಂದರೆ ಟೇಬಲುಗಳ ನಡುವೆ ನಿಂತು ಅಡುಗೆಮನೆಗೆ ಆರ್ಡರ್ ಕೂಗುವ ಕೆಲಸ. ಏನು ಗಂಟಲು ಅದು! ಅವನು “ಎರಡು ಮಸಾಲೆ, ಒಂದು ಸೆಟ್, ಬೇಗ!” ಎಂದು ಕೂಗಿದರೆ ರಸ್ತೆಯ ಆಚೆ ಬಸ್‌ಸ್ಟಾಪಿನಲ್ಲಿ ನಿಂತವರಿಗೆ ಹಸಿವಾಗುತ್ತಿತ್ತು. ಆ ಗಂಟಲಿಗೇ ಗಡ್ಡೆ ಬಂತು. ಆಪರೇಶನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು.

ಅತ್ತಿಗೆ ಅಳಲಿಲ್ಲ. ಅತ್ತರೋ ಏನೋ, ನಮಗೆ ತೋರಿಸಲಿಲ್ಲ. ನೆನಪಿಗೆ ಬಂದ ವಾಕ್ಯಗಳನ್ನೆಲ್ಲ ಬರೆದು, ಅಣ್ಣನ ಮುಂದೆ ಮೈಕು ಇಟ್ಟು, “ಇವನ್ನು ಒಂದೊಂದಾಗಿ ಓದಿ. ಮತ್ತೆ ಬೇಕಾಗ್ತದೆ” ಎಂದರು.

“ನಾನೆಂತ ಶಾಲೆಗೆ ಹೋಗುವ ಮಗುವಾ?” ಎಂದು ಅಣ್ಣ ಎದ್ದು ಡ್ಯೂಟಿಗೆ ಹೋದ.

ಆಪರೇಶನ್ ಹತ್ತಿರ ಬರುತ್ತಿತ್ತು. ಅತ್ತಿಗೆ ಏನು ಮಾಡಿದರು ಗೊತ್ತೇ? ಮಾರನೆಯ ದಿನ ಅವನ ಅಂಗಿಯ ಜೇಬಿಗೆ ಮೈಕು ಸಿಕ್ಕಿಸಿ, “ಓದುದು ಬೇಡ. ನಿಮ್ಮ ಕೆಲಸ ಮಾಡಿ” ಎಂದು ಕಳಿಸಿದರು! ಅಣ್ಣ ಕೂಗಿದ್ದು, ಸಪ್ಲಾಯರುಗಳಿಗೆ ಬೈದದ್ದು, ಗಿರಾಕಿಗಳ ಜೊತೆ ಹರಟಿದ್ದು ಎಲ್ಲ ರೆಕಾರ್ಡ್ ಆಯಿತು. ಅದನ್ನು ಮಾತು ಮಾತಾಗಿ ಕತ್ತರಿಸಿ, ಅಣ್ಣ ಟೈಪ್ ಮಾಡಿದ ಹಾಗೆ ಜೋಡಿಸಿ, ಅವನದೇ ದನಿಯಲ್ಲಿ ನುಡಿಸುವ ಒಂದು ಪ್ರೋಗ್ರಾಂ ಬರೆದರು. ದನಿಯ ತುಂಡುಗಳನ್ನು ಬೆಸೆಯುವ ಸಲಕರಣೆಯನ್ನು ಯಾರೋ ಪುಣ್ಯಾತ್ಮರು ಹಿಂದೆ ಯಾವಾಗಲೋ ಅಜ್ಜಿಗೆಂದು ಬರೆದಿಟ್ಟು ಹೋಗಿದ್ದರು. ಹೊಸ ಆವೃತ್ತಿಗೆ ಅದನ್ನು ಯಾರೂ ತಂದಿರಲಿಲ್ಲ. ಹಾಗಾಗಿ ಅಜ್ಜಿ ಇದ್ದರೆ ಅಣ್ಣನಿಗೆ ಮಾತು, ಅಜ್ಜಿ ಬಿದ್ದರೆ ಅಣ್ಣ ಮೂಗ.

ಫಲ ಏನಾಯಿತು? ಅಣ್ಣನಿಗೆ ದನಿ ಬಂತು, ಆದರೆ ಹೋಟೆಲಿನ ಸಮೇತ ಬಂತು! “ನೀರು ಕೊಡು” ಎಂದರೆ ಹಿಂದೆ ತಟ್ಟೆಗಳು ಉರುಳುವ ಸದ್ದು. “ಮಲಗ್ತೇನೆ” ಎಂಬ ಮಾತು ಅವನ ಸಂಗ್ರಹದಲ್ಲೇ ಇಲ್ಲ. ಕ್ಯಾಪ್ಟನ್ ಡ್ಯೂಟಿಯಲ್ಲಿ ಹಾಗೆ ಹೇಳುತ್ತಾನೆಯೇ? ಅದರ ಬದಲು “ಇವತ್ತಿಗೆ ಬಂದ್!” ಎಂದು ಗುಡುಗಿ ಹಾಸಿಗೆಗೆ ಹೋಗುತ್ತಿದ್ದ. ನಮ್ಮ ಊರಿನವರೇ ಆದ ಡಾಕ್ಟರು ನೋವು ಹೇಗಿದೆ ಎಂದು ಕೇಳಿದಾಗ ಬಹಳ ಹೊತ್ತು ಹುಡುಕಿ ಟೈಪ್ ಮಾಡಿದ. “ಖಾರ ಸ್ವಲ್ಪ ಕಮ್ಮಿ!” ಎಂದಿತು ಯಂತ್ರ. ಡಾಕ್ಟರು ನಕ್ಕು ಮಾತ್ರೆ ಕಡಿಮೆ ಮಾಡಿದರು.

ಅಣ್ಣನ ಮಗಳಿಗೆ ಇದು ಸಹನವಾಗಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಕನ್ನಡದಲ್ಲಿ ಹೊರಟು ಹಿಂದಿಯಲ್ಲಿ ಇಳಿಯುವವಳು. “ಮಮ್ಮಿ, ಆಜ್‌ಕಲ್ ಎಐ ಇದೆ ನಾ? ಪಪ್ಪಾನ ವಾಯ್ಸ್ ಏಕ್‌ದಂ ಕ್ಲೀನ್ ಆಗಿ ಬರ್ತದೆ” ಎಂದು ಅದನ್ನೂ ಮಾಡಿಸಿದಳು. ಬಂತು. ದನಿ ಅಣ್ಣನದೇ, ಆದರೆ ಇಸ್ತ್ರಿ ಮಾಡಿದ ದನಿ! “ನಮಸ್ಕಾರ, ತಾವು ಹೇಗಿದ್ದೀರಿ?” ಎಂದು ಅದು ಕೇಳಿದಾಗ ಮುಂದಿನ ಸ್ಟೇಷನ್ ಯಾವುದು ಎಂದೂ ಹೇಳಬಹುದೇನೋ ಎಂದು ನಾನು ಕಾದೆ. ಅಣ್ಣ ಪೂರ್ತಿ ಕೇಳಿದ. ಆಮೇಲೆ ಅಜ್ಜಿಯ ಲ್ಯಾಪ್‌ಟಾಪನ್ನು ಎಳೆದುಕೊಂಡು, ತಟ್ಟೆಗಳ ಸದ್ದಿನ ಸಮೇತ ಹೇಳಿದ: “ಇದು ವಾಪಸ್!”

ಅತ್ತಿಗೆ ಅಡುಗೆಮನೆಗೆ ಹೋಗಿ ಒಬ್ಬರೇ ನಕ್ಕದ್ದು ನನಗೆ ಕೇಳಿಸಿತು.

ಆ ಮಗಳಿಗೆ ಗಂಡು ಗೊತ್ತಾಯಿತು. ತಾಪತ್ರಯ ಶುರುವಾದದ್ದು ಇಲ್ಲಿಂದ. ನಮ್ಮ ಮನೆತನದ ಪದ್ಧತಿ ಹೀಗೆ: ನಿಶ್ಚಿತಾರ್ಥದಲ್ಲಿ ವೀಳ್ಯದ ತಟ್ಟೆ ಬದಲಾಯಿಸುವಾಗ ಹುಡುಗಿಯ ತಂದೆ ಸಭೆಗೆ ಕೇಳುವ ಹಾಗೆ “ಮಗಳನ್ನು ಕೊಟ್ಟೆ” ಎನ್ನಬೇಕು. ಹುಡುಗನ ಕಡೆಯ ಹಿರಿಯರು “ತಕೊಂಡೆವು” ಎನ್ನಬೇಕು. ತಲೆಯಾಡಿಸಿದರೆ ನಡೆಯುವುದಿಲ್ಲ, ಬರೆದುಕೊಟ್ಟರೆ ಆಗುವುದಿಲ್ಲ. ತಂದೆಗೆ ಆಗದಿದ್ದರೆ ಚಿಕ್ಕಪ್ಪ ಹೇಳಬಹುದು. ಅಂದರೆ ನಾನು. ಅಣ್ಣ ಕೇಳಿದರೆ ತಾನೇ? ತನ್ನ ಮಗಳನ್ನು ತಾನೇ ಬಾಯಿಬಿಟ್ಟು ಕೊಡಬೇಕು. ಇಡೀ ಮದುವೆಯಲ್ಲಿ ಅವನು ತನಗೆಂದು ಕೇಳಿದ್ದು ಅದೊಂದೇ.

ಅತ್ತಿಗೆ ಹುಡುಕಿದರು. “ನನ್ನ ಮಗಳು” ಸಿಕ್ಕಿತು. ಅವಳು ಪಾಸಾದದ್ದನ್ನು ಅಣ್ಣ ಒಬ್ಬ ಗಿರಾಕಿಗೆ ಕೊಚ್ಚಿಕೊಂಡ ಮಾತು. “ನಿಮಗೆ”, “ಕೊಟ್ಟೆ” ಎರಡೂ ಸಿಕ್ಕಿದವು, ಯಾವುದೋ ಟೇಬಲಿಗೆ ದೋಸೆ ಕೊಟ್ಟದ್ದು. ಇಷ್ಟನ್ನು ಮೊದಲೇ ಫೋನಿನಲ್ಲಿ ಹಿಡಿದಿಟ್ಟುಕೊಂಡು ಅಲ್ಲಿ ಒತ್ತಿದರಾಗದೇ ಎಂದೆ ನಾನು. ಬುದ್ಧಿವಂತಿಕೆಯ ಮಾತೇ ತಾನೆ? ಅಣ್ಣ ಲ್ಯಾಪ್‌ಟಾಪಿನಿಂದ ಸಿಡಿದ: “ಪಾರ್ಸೆಲ್ ಬೇಡ!”

ಸಾಂತಾಕ್ರೂಜ್‌ನಲ್ಲೇ ಹಾಲ್. ಭಾನುವಾರ ಬೆಳಿಗ್ಗೆ. ವೇದಿಕೆಯ ಪಕ್ಕದ ಕೋಣೆಯಲ್ಲಿ ಅಣ್ಣ ಜರಿಪಂಚೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಊರಿನ ನೆಂಟರಿಗೆ ವಿಡಿಯೋದಲ್ಲಿ ಸಮಾರಂಭ ತೋರಿಸೋಣವೆಂದು ಅದನ್ನು ಹಾಲಿನ ವೈಫೈಗೆ ಸೇರಿಸಿದ್ದ. ಒಳ್ಳೆಯ ಮನಸ್ಸು! ಆಗ ಪರದೆಯ ಮೂಲೆಯಲ್ಲಿ ಬಂತು ನೋಡಿ, ‘ಅಪ್‌ಡೇಟ್ಸ್ ಪೆಂಡಿಂಗ್’ ಎಂದು. ಹೋಟೆಲಿನವನಿಗೆ ‘ಪೆಂಡಿಂಗ್’ ಎಂಬ ಮಾತು ಕಂಡರೆ ಕೈ ಸುಮ್ಮನಿರುತ್ತದೆಯೇ? ಜೀವಮಾನವೆಲ್ಲ ಪೆಂಡಿಂಗ್ ಆರ್ಡರ್ ಕ್ಲಿಯರ್ ಮಾಡಿದವನು! ಒತ್ತಿದ. ಹಳೆಯದನ್ನು ತೆಗೆದುಹಾಕಲೇ ಎಂದು ಅದು ಕೇಳಿತು. ಗಿರಾಕಿ ಎದ್ದ ಮೇಲೆ ಟೇಬಲ್ ಒರೆಸದೆ ಬಿಡುವುದುಂಟೇ? ಅದಕ್ಕೂ ಹೌದು ಎಂದ. ಯಂತ್ರ ಆರಿತು, ಹೊಸ ಕರ್ನಲಿನೊಂದಿಗೆ ಎದ್ದು ಕೂತಿತು. ನೋಡೋಣವೆಂದು ಅಣ್ಣ “ಕಾಫಿ” ಎಂದು ಟೈಪ್ ಮಾಡಿದ. ಸದ್ದಿಲ್ಲ. ಮತ್ತೆ ಮಾಡಿದ. ತಟ್ಟೆಯ ಸದ್ದೂ ಇಲ್ಲ.

ಅವನು ಓಡಿಬಂದು ನನ್ನ ತೋಳು ಹಿಡಿದು ಆ ಕೋಣೆಗೆ ಎಳೆದ. ನಾನು ಅತ್ತಿಗೆಯನ್ನು ಕರೆತಂದೆ.

ಅತ್ತಿಗೆ ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕೂತರು. ಏನಾಯಿತೆಂದು ಅಣ್ಣ ಕೈಸನ್ನೆಯಲ್ಲಿ ತೋರಿಸಿದ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಹಳೇ ಕರ್ನಲ್ ಒರೆಸಿಹೋಗಿದೆ” ಎಂದರು. “ಅಜ್ಜಿ ಇದ್ದಾಳೆ. ಏಳ್ತಾಳೆ, ಬೀಳ್ತಾಳೆ.”

“ಅಡುಗೆಮನೆಯ ಹಳೇ ಕಂಪ್ಯೂಟರ್ ತರ್ಲಾ ಅತ್ತಿಗೆ? ಅದರಲ್ಲಿ ಹಳೇ ಕರ್ನಲ್ ಉಂಟಲ್ಲ?”

“ಭಾನುವಾರ. ಹಾರ್ಬರ್ ಲೈನಿಗೆ ಮೆಗಾಬ್ಲಾಕ್, ಟ್ರೇನೇ ಇಲ್ಲ. ನೀನು ರಸ್ತೆಯಲ್ಲಿ ವಡಾಲಕ್ಕೆ ಹೋಗಿ ಬರುವಾಗ ಇಲ್ಲಿ ಊಟದ ಎಲೆ ತೆಗ್ದಾಗಿರ್ತದೆ.”

ಹೊರಗಿನಿಂದ ಭಟ್ಟರು ಕರೆದರು. ಮುಹೂರ್ತ ಹತ್ತಿರವಾಯಿತು, ಹುಡುಗಿಯ ಅಪ್ಪ ಬರಲಿ. ಅಣ್ಣ ಒಮ್ಮೆ ಲ್ಯಾಪ್‌ಟಾಪನ್ನೂ ಒಮ್ಮೆ ಅತ್ತಿಗೆಯನ್ನೂ ನೋಡಿ ವೇದಿಕೆಗೆ ಹೋದ. ಅತ್ತಿಗೆ ಕರಿಯ ಪರದೆಯಲ್ಲಿ ಬಿಳಿ ಅಕ್ಷರಗಳನ್ನು ಸುರಿಸುತ್ತಿದ್ದರು. ಅಜ್ಜಿಯನ್ನು ಎಬ್ಬಿಸುವುದು, ಬೀಳುವುದನ್ನು ನೋಡುವುದು, ಮತ್ತೆ ಎಬ್ಬಿಸುವುದು. ಹಣೆಯ ಕುಂಕುಮ ಬೆವರಿಗೆ ಮೂಗಿನ ತನಕ ಇಳಿದಿತ್ತು.

“ಟೈಂ!” ಎಂದು ಕೂಗಿದರು.

“ಟೈಂ ಆಯ್ತು ಅಂತ ನನಗೂ ಗೊತ್ತುಂಟು ಅತ್ತಿಗೆ!” ನನಗೆ ಸಿಟ್ಟೇ ಬಂತು.

“ಅದಲ್ಲ ಮಾರಾಯ! ಅಜ್ಜಿ ಬೀಳುದು ಟೈಂ ಕೇಳ್ಲಿಕ್ಕೆ ಹೋದಲ್ಲಿ!”

ಬಾಯಿ ಹೇಳುತ್ತಿತ್ತು, ಕೈ ನಿಲ್ಲಲಿಲ್ಲ. ಎರಡು ಮಾತುಗಳ ನಡುವೆ ಎಷ್ಟು ಹೊತ್ತು ತಡೆಯಬೇಕೆಂದು ತಿಳಿಯಲು ಅಜ್ಜಿ ಗಡಿಯಾರ ನೋಡುತ್ತಾಳೆ. ಹಳೆಯ ಬಿಲ್ಡಿಂಗಿನಲ್ಲಿ ಗಡಿಯಾರ ಯಾವಾಗಲೂ ಒಂದೇ ಗೋಡೆಯ ಮೇಲೆ ಇತ್ತು. ಒಂದೇ ಜಾಗ ಅಂದರೆ ಕಳ್ಳರಿಗೆ ಅನುಕೂಲವೆಂದು ಹೊಸ ಬಿಲ್ಡಿಂಗಿನವರು ಅದನ್ನು ತೆಗೆದಿದ್ದಾರೆ. ಅಜ್ಜಿಗೇನು ಗೊತ್ತು? ಹೋಗಿ ಬೀಳುತ್ತಾಳೆ. ಯಂತ್ರವನ್ನು ಮತ್ತೆ ಆರಿಸಿ ಹೊತ್ತಿಸಿ, ಕರ್ನಲ್ ಏಳುವ ಆ ಒಂದು ಗಳಿಗೆಯಲ್ಲಿ ಅದಕ್ಕೆ ಒಂದು ಮಾತು ಹೇಳಬೇಕು: ಹಳೇ ಗೋಡೆಯಲ್ಲಿ ಯಾರಾದರೂ ಟೈಂ ಕೇಳಿದರೆ ಹೇಳಿ ಕಳಿಸು, ಓಡಿಸಬೇಡ. ಅಷ್ಟೇ. ಆದರೆ ಆ ಗಳಿಗೆ ತಪ್ಪಿದರೆ ಮತ್ತೆ ಮೊದಲಿನಿಂದ.

ಆರಿಸಿದರು. ಯಂತ್ರ ಏಳತೊಡಗಿತು. ಅತ್ತಿಗೆಯ ಬೆರಳು ಕೀಲಿಮಣೆಯ ಮೇಲೆ ಕಾದಿತ್ತು. ಸರಿಯಾಗಿ ಅದೇ ಹೊತ್ತಿಗೆ ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಳಗೆ ಬಂದರು! ಹುಡುಗಿಯ ತಾಯಿ ಬೇಡ ಎನ್ನಲಾದೀತೇ? ಅತ್ತಿಗೆ ಮುಖ ಎತ್ತಿದರು, ಕುಂಕುಮ ಇಡಿಸಿಕೊಂಡರು, ಎರಡೂ ಕೈಯಲ್ಲಿ ಹೂವು ತೆಗೆದುಕೊಂಡರು, ನಕ್ಕರು ಸಹ. ತಿರುಗಿ ನೋಡುವಾಗ ಯಂತ್ರ ಪೂರ್ತಿ ಎದ್ದು ಕೂತಾಗಿತ್ತು. ಗಳಿಗೆ ತಪ್ಪಿತ್ತು.

“ನೀನು ಹೋಗು” ಎಂದರು ನನಗೆ. “ಏನಾದ್ರೂ ಮಾತಾಡಿ ಹೊತ್ತು ಕಳೆ. ಆದ್ರೆ ಆ ಮಾತು ಮಾತ್ರ ಹೇಳ್ಬೇಡ. ಅದು ಅವರದ್ದು.”

ವೇದಿಕೆಯಲ್ಲಿ ನಾನು ಏನೇನು ಮಾತಾಡಿದೆನೋ ದೇವರಿಗೇ ಗೊತ್ತು. ಬೀಗರ ಮೂಲಮನೆ ಕೇಳಿದೆ, ಹೈವೇಯ ಟ್ರಾಫಿಕ್ ಬೈದೆ, ಹುಡುಗನ ಎತ್ತರ ಹೊಗಳಿದೆ. ಹುಡುಗನ ಅಜ್ಜ ಕಡೆಗೂ ಕೋಲು ಕುಟ್ಟಿದರು.

“ಹುಡುಗಿಯ ಅಪ್ಪನಿಗೆ ಆಗುದಿಲ್ಲ ಅಂತ ನಮಗೆ ಗೊತ್ತುಂಟು. ಅದರಲ್ಲಿ ನಾಚಿಕೆ ಎಂತದ್ದು? ಚಿಕ್ಕಪ್ಪ ಇದ್ದಾರಲ್ಲ, ಅವರೇ ಹೇಳ್ಲಿ. ಮುಗಿಸುವ.”

ಭಟ್ಟರು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಸಭೆ ನನ್ನನ್ನೇ ನೋಡುತ್ತಿತ್ತು. ಮಗಳು ತಲೆ ಎತ್ತದೆ ಪಿಸುಗುಟ್ಟಿದಳು: “ಚಿಕ್ಕಪ್ಪ, ಪ್ಲೀಸ್. ನೀವು ಬೇಡ. ಪಪ್ಪಾನೇ ಹೇಳ್ಬೇಕು ನಾ.” ಅಣ್ಣ ನನ್ನ ಮಣಿಕಟ್ಟು ಹಿಡಿದ. ಬಾಯಿ ತೆರೆದ. ಆ ಗಂಟಲಿನಿಂದ ಏನೂ ಬರಲಿಲ್ಲ. ಅವನಿಗೇ ತಡೆಯದೆ, ತನಗೆ ದನಿಯಿಲ್ಲ ಎಂಬುದನ್ನೂ ಮರೆತು ಪ್ರಯತ್ನ ಮಾಡಿದ್ದ. ನನ್ನ ಜೀವಮಾನದಲ್ಲಿ ಅಷ್ಟು ಸಂಕಟವಾದದ್ದು ನೆನಪಿಲ್ಲ.

ಆಗ ಅತ್ತಿಗೆ ಬಂದರು. ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಬಹುತೇಕ ಓಡುತ್ತ ಬಂದರು. ಅಣ್ಣನ ಮುಂದಿನ ಟೀಪಾಯಿಯ ಮೇಲೆ ಇಟ್ಟು, ವೈರನ್ನು ಎಳೆದುಕೊಂಡು ಹಿಂದಿನ ಬಟ್ಟೆಯ ಪರದೆಯ ಆಚೆ ಮಾಯವಾದರು. ಆ ಲ್ಯಾಪ್‌ಟಾಪಿನ ಬ್ಯಾಟರಿ ಹೆಸರಿಗೆ ಮಾತ್ರ, ಅರ್ಧ ನಿಮಿಷ ತಡೆದರೆ ಹೆಚ್ಚು. ಅಲ್ಲಿದ್ದ ಪ್ಲಗ್ ಪಾಯಿಂಟೋ ಸಡಿಲ. ಕೈ ಬಿಟ್ಟರೆ ಪ್ಲಗ್ ಜಾರುತ್ತದೆ. ಕರೆಂಟು ಹೋದರೆ ಕರ್ನಲಿಗೆ ಹೇಳಿದ ಮಾತೂ ಹೋಯಿತು, ಅಜ್ಜಿಯೂ ಹೋದಳು. ಹಾಗಾಗಿ ಹುಡುಗಿಯ ತಾಯಿ ಪರದೆಯ ಹಿಂದೆ ಕುಕ್ಕುರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಪ್ಲಗ್ಗನ್ನು ಒತ್ತಿ ಹಿಡಿದಿದ್ದರು!

ಅಣ್ಣ ಟೈಪ್ ಮಾಡಿದ. ಒಂದು ಕ್ಷಣ ಏನೂ ಇಲ್ಲ.

ಢಣ್ ಎಂದು ತಟ್ಟೆ ಬಿದ್ದ ಸದ್ದು! ಅರ್ಧ ಸಭೆ ಊಟದ ಹಾಲಿನ ಕಡೆ ತಿರುಗಿತು. ಆ ಗದ್ದಲದೊಳಗಿಂದ ನನ್ನ ಅಣ್ಣನ ಗಂಟಲು, ಹೋಟೆಲು ತುಂಬುತ್ತಿದ್ದ ಅದೇ ಗಂಟಲು ಎದ್ದಿತು: “ನನ್ನ ಮಗಳು... ನಿಮಗೆ... ಕೊಟ್ಟೆ!”

ಹುಡುಗನ ಅಜ್ಜ ಬೆಚ್ಚಿ, “ತಕೊಂಡೆವು! ತಕೊಂಡೆವು!” ಎಂದು ಎರಡು ಸಲ ಹೇಳಿದರು. ಸಭೆಯೆಲ್ಲ ನಗು. ಮಗಳು ಅಪ್ಪನ ಭುಜಕ್ಕೆ ಮುಖವಿಟ್ಟು ಅಳುತ್ತಿದ್ದಳು. ತಟ್ಟೆ ಬದಲಾಯಿತು. ಫೋಟೋದವನು ಹುಡುಗಿಯ ಅಪ್ಪ ಅಮ್ಮ ಒಟ್ಟಿಗೆ ಕೂರಿ ಎಂದ.

ಅಣ್ಣ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದ. ಅತ್ತಿಗೆಯನ್ನು ಕರೆಯಬೇಕು. ಹೇಗೆ ಕರೆಯುವುದು? ನಮ್ಮಲ್ಲಿ ಆ ತಲೆಮಾರಿನ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವವರಲ್ಲ. ಅಣ್ಣ ಮನೆಯಲ್ಲಿ ಒಮ್ಮೆ ಕೆಮ್ಮಿದರೆ ಅತ್ತಿಗೆ ಬರುತ್ತಿದ್ದರು, ಅಷ್ಟೇ. ಹೋಟೆಲಿನಲ್ಲಂತೂ ಅವರನ್ನು ಕರೆಯುವ ಪ್ರಸಂಗವೇ ಇಲ್ಲ. ಅಷ್ಟೊಂದು ಮಾತುಗಳನ್ನು ಹೆಕ್ಕಿ ಹೆಕ್ಕಿ ಅವನ ಬಾಯಿಗೆ ಇಟ್ಟ ಹೆಂಗಸು ತನ್ನನ್ನು ಕರೆಯಲು ಒಂದು ಮಾತನ್ನೂ ಅದರಲ್ಲಿ ಇಟ್ಟುಕೊಂಡಿರಲಿಲ್ಲ.

ಅಣ್ಣ ಬಹಳ ಹೊತ್ತು ಹುಡುಕಿದ. ಆಮೇಲೆ ಒಂದೊಂದೇ ಅಕ್ಷರ ಒತ್ತಿದ. ಈ ಸಲ ಗುಡುಗಲಿಲ್ಲ. ಬಾಗಿಲಲ್ಲಿ ಬಂದು ನಿಂತ ಗಿರಾಕಿಗೆ ಟವೆಲಿನಿಂದ ಕುರ್ಚಿ ಒರೆಸಿಕೊಡುತ್ತ ಅವನು ಹೇಳುತ್ತಿದ್ದ ಮೆಲುದನಿ ಅದು. “ಬನ್ನಿ, ಬನ್ನಿ. ಕೂತ್ಕೊಳ್ಳಿ. ಏನು ಕೊಡ್ಲಿ?”

ಜನ ಮತ್ತೆ ನಕ್ಕರು. ನಾನೂ ನಗಲು ಹೊರಟೆ, ಆಗಲಿಲ್ಲ. ಅಣ್ಣ ಅತ್ತಿಗೆಗೆ ಬನ್ನಿ ಎಂದದ್ದನ್ನು, ಏನು ಬೇಕು ಎಂದು ಕೇಳಿದ್ದನ್ನು ನಾನು ಎಂದೂ ಕೇಳಿದವನಲ್ಲ. ಪರದೆ ಸರಿಸಿ ನೋಡಿದೆ. ಅತ್ತಿಗೆ ಪ್ಲಗ್ ಹಿಡಿದ ಹಾಗೆಯೇ ಕೂತಿದ್ದರು. ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

“ಕೈ ಬಿಟ್ರೆ ಅವರ ಮಾತು ಹೋಗ್ತದೆ ಮಾರಾಯ” ಎಂದರು.

ಆಚೆಯಿಂದ ಮತ್ತೊಮ್ಮೆ ಬಂತು: “ಬನ್ನಿ.”

ಅತ್ತಿಗೆ ಕೈ ಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು, ಪರದೆ ಸರಿಸಿ, ಹೋಗಿ ಅಣ್ಣನ ಪಕ್ಕ ಕೂತರು. ಟೀಪಾಯಿಯ ಮೇಲೆ ಲ್ಯಾಪ್‌ಟಾಪ್ ಆರಿಹೋಯಿತು. ಅಣ್ಣ ಅದನ್ನು ನೋಡಲಿಲ್ಲ, ಅತ್ತಿಗೆಯೂ ನೋಡಲಿಲ್ಲ.